ಸರಕಾರ ಬಾಗಿನ ಡಬ್ಬಿ ಮತ್ತು ನನ್ನ ಷಡ್ಡಕ

ಶನಿವಾರ ಮಧ್ಯಾಹ್ನ ನನ್ನ ಕನ್ನಡಕದ ಅಂಗಡಿಯ ಷಟರ್ ಎಳೆದು, ಬೀಗ ಹಾಕಿ, ಚಿಕ್ಕೋಡಿ ಬಸ್ ನಿಲ್ದಾಣಕ್ಕೆ ಬಂದಾಗ ಹೆಂಡತಿ ಸುವರ್ಣಾ ಆಗಲೇ ಚೀಲ ಹಿಡಿದು ರಾಯಬಾಗದ ಬಸ್ಸು ನಿಲ್ಲುವ ಕಡೆ ನಿಂತಿದ್ದಳು. ಮಳೆಗಾಲದ ಮೊದಲ ಮೋಡಗಳು ಬಂದಿದ್ದವು, ಮಳೆ ಬಂದಿರಲಿಲ್ಲ. ಸೆಕೆ ಮಾತ್ರ ಅಂಗಿಯನ್ನು ಬೆನ್ನಿಗೆ ಅಂಟಿಸಿಬಿಟ್ಟಿತ್ತು. ಬಸ್ಸು ಹತ್ತಿದ ಮೇಲೆ ಸುವರ್ಣಾ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ಪಡೆದಳು. ನಾನು ದುಡ್ಡು ಕೊಟ್ಟು ಪಡೆದೆ. ನನ್ನ ಸ್ವಭಾವ ಹೇಗಿದೆ ಎಂದರೆ, ಅಷ್ಟಕ್ಕೂ ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

ಈ ಪ್ರಯಾಣಕ್ಕೆ ಎರಡು ಕಾರಣಗಳಿದ್ದವು. ಒಂದು ಎಲ್ಲರಿಗೂ ಗೊತ್ತಿದ್ದದ್ದು. ಅಧಿಕ ಮಾಸ ಬಂದಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳಲ್ಲಿ ನಮ್ಮ ಕಡೆ ಅಳಿಯಂದಿರನ್ನು ಮನೆಗೆ ಕರೆದು, ಉಣ್ಣಿಸಿ, ತಟ್ಟೆಯಲ್ಲಿ ಅನಾರಸ ಇಟ್ಟು, ಮೇಲೊಂದು ದೀಪ ಇಟ್ಟು ಕೊಡುತ್ತಾರೆ. ಅಕ್ಕಿ ಹಿಟ್ಟು ಬೆಲ್ಲ ಕಲಸಿ, ಕಸಕಸೆ ಹಚ್ಚಿ, ತುಪ್ಪದಲ್ಲಿ ಕರಿದ ಅನಾರಸ ತಿನ್ನುವುದಕ್ಕಾದರೂ ಮನುಷ್ಯ ಅಳಿಯನಾಗಬೇಕು. ರಾಯಬಾಗದಲ್ಲಿರುವ ನನ್ನ ಅತ್ತೆ ತಮ್ಮ ಇಬ್ಬರೂ ಅಳಿಯಂದಿರನ್ನು ಕರೆದಿದ್ದರು. ಎರಡನೆಯ ಕಾರಣ ನನ್ನೊಬ್ಬನಿಗೇ ಗೊತ್ತು ಎಂದು ನಾನು ತಿಳಿದಿದ್ದೆ. ಅದು ಉಗಾರ ಖುರ್ದದ ಹತ್ತಿರ ಸರಕಾರ ಬಾಗು ಎಂಬ ಹಳೆಯ ತೋಟದಲ್ಲಿ ಯಾರೋ ಬಚ್ಚಿಟ್ಟಿದ್ದ ಒಂದು ಡಬ್ಬಿ.

ಜಿಯೋಕ್ಯಾಷಿಂಗ್ ಎಂಬ ಆಟದ ಹೆಸರನ್ನು ಕೆಲವರು ಕೇಳಿರಬಹುದು. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪಿನಲ್ಲಿ ಹಾಕುತ್ತಾರೆ. ಉಳಿದವರು ಮೊಬೈಲು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡಬೇಕು. ಬಹುಮಾನ ಗಿಹುಮಾನ ಏನೂ ಇಲ್ಲ. ಇರುವುದು ಒಂದೇ ಮರ್ಯಾದೆ: ಹೊಸ ಡಬ್ಬಿಯ ಚೀಟಿಯಲ್ಲಿ ಮೊದಲ ಹೆಸರು ಯಾರದು ಎನ್ನುವುದು. ಕೊಲ್ಲಾಪುರದ ಗಿರಾಕಿಯೊಬ್ಬ ಕಣ್ಣು ತಪಾಸಣೆಗೆ ಕೂತಾಗ ನನಗೆ ಇದನ್ನು ಹೇಳಿಕೊಟ್ಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳಲ್ಲಿ ಇದನ್ನು ಆಡುವವರು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ನಾನೇ ರಾಜ, ನಾನೇ ಪ್ರಜೆ ಎಂದು ಸುಖವಾಗಿದ್ದೆ.

ಆಮೇಲೆ ನಾನೇ ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡೆ. ಹೋದ ದೀಪಾವಳಿಯಲ್ಲಿ ನನ್ನ ಷಡ್ಡಕ, ಅಂದರೆ ಸುವರ್ಣಾಳ ತಂಗಿ ಶೈಲಾಳ ಗಂಡ ಅಶೋಕನಿಗೆ ಈ ಆಟ ಕಲಿಸಿದೆ. ಅವನಿಗೆ ನಿಪ್ಪಾಣಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಎತ್ತರದ ಆಳು, ದೊಡ್ಡ ಕಾರು, ದೊಡ್ಡ ನಗೆ. ನನಗಿಂತ ವಯಸ್ಸಿನಲ್ಲಿ ಸಣ್ಣವನು, ಉಳಿದ ಎಲ್ಲದರಲ್ಲೂ ಒಂದು ಕೈ ಮೇಲೆ. ಒಂದೇ ಮನೆಯ ಇಬ್ಬರು ಅಳಿಯಂದಿರನ್ನು ಜನ ತಕ್ಕಡಿಯಲ್ಲಿಟ್ಟೇ ನೋಡುತ್ತಾರೆ. ಈ ತಕ್ಕಡಿ ಅವನ ಮದುವೆಯಾದ ದಿನದಿಂದ ಒಂದೇ ಕಡೆ ವಾಲಿದೆ. ಅದೊಂದು ಆಟವಾದರೂ ನನ್ನದಾಗಿರಲಿ ಎಂದಿದ್ದೆ. ಗುರುವಿಗೇ ತಿರುಮಂತ್ರವಾಯಿತು. ಅಕ್ಕೋಳದ ಹತ್ತಿರ ಹೊಲದ ಬದುವಿನಲ್ಲಿ ನಾನು ಎರಡು ಭಾನುವಾರ ಬಗ್ಗಿ ಬಗ್ಗಿ ಹುಡುಕಿದ ಡಬ್ಬಿಯನ್ನು ಅವನು ಕಾರಿನಿಂದ ಇಳಿದು, ಚಹಾ ಆರುವುದರೊಳಗೆ ಎತ್ತಿ ತಂದ.

ಅವತ್ತು ಸುವರ್ಣಾ ನಗುತ್ತ ಒಂದು ಮಾತು ಹೇಳಿದಳು: “ಅಶೋಕವ್ರ ಜೋಡಿ ಹೋದ್ರ ಡಬ್ಬಿ ಸಿಗತಾವ. ನಿಮ್ಮ ಜೋಡಿ ಹೋದ್ರ ಬರೇ ತಿರುಗ್ಯಾಟ.”

ಹೆಂಡತಿ ಬೈದರೆ ಮರೆಯಬಹುದು, ನಗುತ್ತ ಹೇಳಿದ್ದು ಮರೆಯುವುದಿಲ್ಲ. ಅಂದಿನಿಂದ ನನಗೆ ಒಂದೇ ಹಟ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಒಂದು ಹೊಸ ಡಬ್ಬಿಯಲ್ಲಿ ಮೊದಲ ಹೆಸರು ನನ್ನದಾಗಬೇಕು. ಮೂರು ದಿನದ ಹಿಂದೆ ಮೊಬೈಲು ಟಿಣ್ ಎಂದಿತು: ಸರಕಾರ ಬಾಗಿನಲ್ಲಿ ಹೊಸ ಡಬ್ಬಿ, ಇಟ್ಟವರು ಸಾಂಗಲಿ ಕಡೆಯ ಯಾರೋ ಅಪರಿಚಿತರು, ಇನ್ನೂ ಯಾರಿಗೂ ಸಿಕ್ಕಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಅಶೋಕನ ಮೊಬೈಲೂ ಟಿಣ್ ಎಂದಿರುತ್ತದೆ ಎಂಬ ಯೋಚನೆ ಮಾತ್ರ ಊಟದಲ್ಲಿ ಕಲ್ಲು ಸಿಕ್ಕಂತೆ ಆಗಾಗ ಸಿಗುತ್ತಿತ್ತು.

ಚಿಕ್ಕೋಡಿಯಿಂದ ರಾಯಬಾಗ ಮೂವತ್ತು ಕಿಲೋಮೀಟರಿನೊಳಗೇ ಇದೆ. ಆದರೆ ಬಸ್ಸು ಕೈ ತೋರಿಸಿದ ಕಡೆಯೆಲ್ಲ ನಿಂತು, ಒಂದು ತಾಸಿನ ಮೇಲೆಯೇ ತೆಗೆದುಕೊಂಡಿತು. ದಾರಿಯುದ್ದಕ್ಕೂ ಮೊಣಕಾಲೆತ್ತರದ ಕಬ್ಬು. ಅತ್ತೆಯ ಮನೆಯ ಮುಂದೆ ಅಶೋಕನ ಕಾರು ಆಗಲೇ ನಿಂತಿತ್ತು. ಒಳಗಿನಿಂದ ಅವನ ನಗೆ ಓಣಿಗೆಲ್ಲ ಕೇಳುತ್ತಿತ್ತು.

“ಬರ್ರಿ ಅಣ್ಣಾರ, ಬರ್ರಿ! ಬಸ್ಸಿನ್ಯಾಗ ಯಾಕ ಬಂದ್ರಿ? ಒಂದ ಫೋನ್ ಮಾಡಿದ್ರ ಚಿಕ್ಕೋಡಿ ಮ್ಯಾಲಿಂದನs ಬರತಿದ್ದೆ ನಾ,” ಎಂದು ಎದ್ದು ಬಂದು ಚೀಲ ಇಸಿದುಕೊಂಡ. ನಿಪ್ಪಾಣಿಯಿಂದ ಬರುವವನಿಗೆ ಚಿಕ್ಕೋಡಿ ದಾರಿಯಲ್ಲೇ ಸಿಗುತ್ತದೆ, ನಿಜ. ಅವನ ಕಾರಿನಲ್ಲಿ ಬರಬಾರದೆಂದೇ ನಾನು ಬಸ್ಸು ಹಿಡಿದದ್ದು.

“ಅಶೋಕ ಬರೂವಾಗ ಹಪ್ಪಳ, ಮಾವಿನಹಣ್ಣಿನ ಪೆಟಿಗಿ ಎಲ್ಲಾ ತಂದಾನ ನೋಡ್ರಿ,” ಎಂದರು ಅತ್ತೆ. ನಾನು ತಂದಿದ್ದು ಅವರ ಕನ್ನಡಕಕ್ಕೆ ಹೊಸ ಗಾಜು. ಅದನ್ನು ಹಾಕಿಕೊಂಡು ಅವರು ಮೊದಲು ನೋಡಿದ್ದು ಮಾವಿನಹಣ್ಣಿನ ಪೆಟ್ಟಿಗೆಯನ್ನು. “ಅಗದೀ ಸ್ವಚ್ಛ ಕಾಣಸತಾವ್ರಿ ಹಣ್ಣ,” ಎಂದರು.

ಸಂಜೆ ಅಕ್ಕ ತಂಗಿ ಅಡುಗೆಮನೆಯಲ್ಲಿ ಅನಾರಸ ಕರಿಯುತ್ತ ಕೂತರು. ಅಶೋಕ, ನಾನು ಪಡಸಾಲೆಯಲ್ಲಿ ಎದುರೆದುರು. ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು, ಕಬ್ಬಿನ ಬಗ್ಗೆ ಮಾತಾಡಿದೆವು, ಕೃಷ್ಣೆಗೆ ಈ ವರ್ಷ ನೀರು ಯಾವಾಗ ಬರಬಹುದೆಂದು ಮಾತಾಡಿದೆವು. ಡಬ್ಬಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ, “ನಾಳೆ ಮುಂಜಾನಿ ಉಗಾರಕ್ಕ ಹೋಗಿ ಬರತೇನಿ. ಒಬ್ಬ ಗಿರಾಕಿದು ಕನ್ನಡಕ ಕೊಡೂದೈತಿ. ಊಟಕ್ಕ ಬಂದ ಬಿಡತೇನಿ,” ಎಂದೆ.

“ಹೋಗಿ ಬರ್ರಿ ಅಣ್ಣಾರ, ಹೋಗಿ ಬರ್ರಿ,” ಎಂದ ಅಶೋಕ. ಉಗಾರದಲ್ಲಿ ಯಾರು, ಏನು ಎಂದು ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಸಂಶಯ ತಂದಿತು.

ಭಾನುವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕಾರು ಇರಲಿಲ್ಲ. ಅತ್ತೆಯನ್ನು ಕೇಳಿದೆ.

“ನಸಿಕಿನ್ಯಾಗನs ಹಾಲ ತರಾಕ ಹೋಗ್ಯಾನ. ಹಸಿದ ಹೊಟ್ಟೀಲೆ ಹೊಂಟಿದ್ದ. ನಾಕ ಅನಾರಸ ಕಾಗದದಾಗ ಸುತ್ತಿ ಕೊಟ್ಟ ಕಳಿಸಿದೆ,” ಎಂದರು.

ತಟ್ಟೆಯಲ್ಲಿಟ್ಟು ದೀಪದೊಂದಿಗೆ ಕೊಡಬೇಕಾದ ಅನಾರಸವನ್ನು ಶಾಸ್ತ್ರಕ್ಕೆ ಮೊದಲೇ ಅವನಿಗೆ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾರೆ. ನನಗೆ ಬರಿಯ ಚಹಾ. ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಮಾತ್ರ ಹೇಳಿದೆ. ನಾನು ಸ್ನಾನ ಮುಗಿಸುವ ಹೊತ್ತಿಗೆ ಅವನು ಹಾಲಿನ ಚೀಲ ಹಿಡಿದು ಬಂದ. ನನಗೆ ಜೀವ ಬಂದಂತಾಯಿತು. ಅವನು ಮನೆಯಲ್ಲಿದ್ದಾನೆ, ನಾನು ಹೊರಟಿದ್ದೇನೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೇನು ಬೇಕು? ಸುವರ್ಣಾಳನ್ನು ಹೇಗೆ ಕರೆದೊಯ್ಯುವುದೆಂದು ನಾನು ಯೋಚಿಸುತ್ತಿರುವಾಗ ಅವಳೇ ಸೀರೆ ಬದಲಿಸಿ ನಿಂತಿದ್ದಳು. “ನಾನೂ ಬರತೇನ್ರಿ. ರೈಲಿನ್ಯಾಗ ಕೂತ ಭಾಳ ದಿನಾ ಆತು,” ಎಂದಳು.

ರಾಯಬಾಗ ಸ್ಟೇಷನ್ನು ಊರಿಂದ ದೂರ. ಆಟೋ ಮಾಡಿ ಹೋದೆವು. ಮೀರಜ ಕಡೆಯ ಪ್ಯಾಸೆಂಜರ್ ರೈಲು ಸ್ವಲ್ಪ ತಡವಾಗಿ ಬಂತು. ಉಗಾರ ಖುರ್ದಕ್ಕೆ ಟಿಕೆಟು ಆಟೋಕ್ಕೆ ಕೊಟ್ಟಿದ್ದಕ್ಕಿಂತ ಎಷ್ಟೋ ಅಗ್ಗ. ಬೋಗಿಯಲ್ಲಿ ಸೊಪ್ಪಿನ ಗಂಟು, ಮೊಸರಿನ ಗಡಿಗೆ, ಮೀರಜದ ಆಸ್ಪತ್ರೆಗೆ ಹೊರಟ ಮುದುಕರು. ಚಿಂಚಲಿ ದಾಟಿತು, ಕುಡಚಿ ದಾಟಿತು. ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಎಲ್ಲರಂತೆ ಸುವರ್ಣಾಳೂ ಒಂದು ನಾಣ್ಯ ಎಸೆದು ಕೈ ಮುಗಿದಳು. ಹೊಳೆ ಸೊರಗಿತ್ತು, ನಡುವೆ ಬಂಡೆಗಳು ಕಾಣುತ್ತಿದ್ದವು. ಏನು ಬೇಡಿಕೊಂಡೆ ಎಂದು ಕೇಳಿದೆ. “ಹೇಳಬಾರದ್ರಿ,” ಎಂದು ಕಿಟಕಿಯ ಕಡೆ ಮುಖ ಮಾಡಿದಳು.

ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದಿತ್ತು. ಕಬ್ಬಿನ ಗಾಡಿಗಳಿಲ್ಲದ ರಸ್ತೆ ಅಗಲವಾಗಿ, ಬೋಳಾಗಿ ಕಾಣುತ್ತಿತ್ತು. ಸ್ಟೇಷನ್ ಮುಂದೆ ಅವಲಕ್ಕಿ, ಮಿರ್ಚಿ ತಿಂದೆವು. ಅಲ್ಲೇ ಸುವರ್ಣಾಳಿಗೆ ನಿಜ ಹೇಳಿದೆ: ಗಿರಾಕಿ ಇಲ್ಲ, ಕನ್ನಡಕ ಇಲ್ಲ, ಡಬ್ಬಿ ಇದೆ. ಅವಳಿಗೆ ಆಶ್ಚರ್ಯವಾಗುತ್ತದೆ ಎಂದುಕೊಂಡಿದ್ದೆ. ಅವಳು ಮಿರ್ಚಿಯ ತೊಟ್ಟು ಎಸೆದು, “ನಡೀರಿ ಹಂಗಾರ,” ಎಂದಳು.

ಸರಕಾರ ಬಾಗು ಒಂದು ಕಾಲದಲ್ಲಿ ಸಂಸ್ಥಾನಿಕರೊಬ್ಬರ ತೋಟದ ಮನೆ. ಅವರನ್ನು ಜನ ಸರಕಾರ ಎಂದೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿ ಬಂದು ಇರುತ್ತಿದ್ದರಂತೆ, ಹೊಳೆಯ ದಂಡೆಗೆ ಬೇಟೆಗೆ ಹೋಗುತ್ತಿದ್ದರಂತೆ. ಈಗ ಬಂಗಲೆಯ ಕಟ್ಟೆ ಮತ್ತು ಎರಡು ಕಂಬ ಉಳಿದಿವೆ. ಮರಗಳು ಮಾತ್ರ ಯಾರ ಸಂಸ್ಥಾನ ಹೋದರೂ ನಮಗೇನು ಎಂಬಂತೆ ಬೆಳೆದಿವೆ. ಹುಣಸೆ, ಬೇವು, ಹೊಂಗೆ, ತೇಗ, ನೇರಳೆ, ಬಿದಿರಿನ ಮೆಳೆಗಳು. ಸುತ್ತ ಬೇಲಿ ಹಾಕಿ ಅರಣ್ಯ ಉದ್ಯಾನ ಮಾಡಿದ್ದಾರೆ. ಹತ್ತು ರೂಪಾಯಿ ಪ್ರವೇಶ. ಬಾಗಿಲಲ್ಲೇ ಸಿಮೆಂಟಿನ ಒಂದು ಜಿಂಕೆ. ಒಳಗೆ ಹೋದ ಕೂಡಲೇ ಹೊರಗಿನ ಸೆಕೆ ನಿಂತುಹೋಯಿತು. ಇಂಥ ನೆರಳು ನಮ್ಮ ಚಿಕ್ಕೋಡಿಯಲ್ಲಿ ಇಲ್ಲವಲ್ಲ ಎಂದು ಉಗಾರದವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ದಟ್ಟ ಮರಗಳ ಕೆಳಗೆ ಮೊಬೈಲಿನ ಬಾಣ ತಲೆತಿರುಗಿದ ಕೋಳಿಯಂತೆ ಆಡತೊಡಗಿತು. ಒಮ್ಮೆ ಬಿದಿರಿನ ಕಡೆ ತೋರಿಸಿತು, ಹೋದರೆ ಬಾವಿಯ ಕಡೆ ತೋರಿಸಿತು. ಇಟ್ಟವರು ಒಂದು ಸುಳಿವು ಕೊಟ್ಟಿದ್ದರು: “ಸರಕಾರರ ಕುದುರೆಗೆ ಬಾಯಾರಿದಾಗ.” ಕುದುರೆ ನೀರು ಕುಡಿಯುವುದು ಬಾವಿಯಲ್ಲಿ ಅಲ್ಲ, ಕಲ್ಲಬಾನಿಯಲ್ಲಿ, ಅಂದರೆ ಕಲ್ಲಿನ ತೊಟ್ಟಿಯಲ್ಲಿ. ಕಲ್ಲಬಾನಿ ಎಲ್ಲಿದೆ ಎಂದು ನೇರಳೆ ಮರಗಳ ಬುಡದಲ್ಲಿ ಬಗ್ಗಿ ನೋಡುತ್ತ ಹೋಗುತ್ತಿರುವಾಗ ಹಿಂದಿನಿಂದ ಕೂಗು ಬಂತು.

“ಏ ಭಾಯಿ! ಹಣ್ಣ ಆರಸಬ್ಯಾಡ್ರಿ ಅಲ್ಲೆ! ಗುತ್ತಿಗಿ ಹಿಡದೇವಿ ನಾವು!”

ಐವತ್ತರ ಹತ್ತಿರದ ಹೆಂಗಸು ಕೈಯಲ್ಲಿ ಉದ್ದ ಗಳ ಹಿಡಿದು ಬಂದಳು. ಕಾಗವಾಡದ ಹಣ್ಣು ಮಾರುವ ಬಾಗವಾನರ ಮನೆಯವಳು, ಹೆಸರು ಹಸೀನಾಬಿ. ಆ ವರ್ಷ ಅಲ್ಲಿನ ನೇರಳೆಯ ಫಸಲು ಅವರದು. ಮರದ ಕೆಳಗೆ ಹಾಸಿದ ಬಲೆಯ ಮೇಲೆ ಹಣ್ಣು ಕಪ್ಪಗೆ ಬಿದ್ದಿದ್ದವು. ನನ್ನ ಕೈ ಖಾಲಿ ಇರುವುದನ್ನು ನೋಡಿ ಸ್ವಲ್ಪ ಮೆತ್ತಗಾದಳು. “ಏನ ಹುಡುಕಾಕತ್ತೀರಿ ಮತ್ತ?”

ಆಟದ ವಿಷಯ ಹೊರಗಿನವರಿಗೆ ಹೇಳಬಾರದೆಂಬುದು ಈ ಆಟದ ಕಟ್ಟಳೆ. ಹೇಳಿದರೆ ಡಬ್ಬಿ ಉಳಿಯುವುದಿಲ್ಲ. ಅದಕ್ಕೆ ನನ್ನ ಹತ್ತಿರ ಒಂದು ಖಾಯಂ ಸುಳ್ಳಿದೆ. ಮುಖ ಸಣ್ಣದು ಮಾಡಿ ಹೇಳಿದೆ: “ನಮ್ಮ ಮನಿಯವ್ರದು ಬೆಂಡೋಲಿ ಬಿದ್ದೈತ್ರಿ. ಬಂಗಾರದ್ದು.” ಸುವರ್ಣಾ ತಕ್ಷಣ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

ಹಸೀನಾಬಿ ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ಆಮೇಲೆ ಗಳ ನೆಲಕ್ಕೂರಿ ಜೋರಾಗಿ ನಕ್ಕಳು. “ಅರೆ ಅಲ್ಲಾ! ಇವತ್ತ ಈ ಬಾಗಿನ್ಯಾಗ ಎಷ್ಟ ಮಂದಿ ಬೆಂಡೋಲಿ ಕಳಕೊಂಡಾರ್ರಿ? ಮುಂಜಾನಿ ಗೇಟ ತೆಗೆಯೂದಕ್ಕ ಒಬ್ರು ಬಂದಿದ್ರು, ಎತ್ತರದವ್ರು, ದೊಡ್ಡ ಗಾಡಿ. ಅವ್ರೂ ಹಿಂಗs ಬಗ್ಗಿ ಬಗ್ಗಿ ನೋಡತಿದ್ರು. ಅವ್ರ ಹೆಂಡ್ತೀದೂ ಬೆಂಡೋಲಿನs ಬಿದ್ದಿತ್ತಂತ!”

ಆ ಸುಳ್ಳು ನನ್ನದು. ದೀಪಾವಳಿಯಲ್ಲಿ ಆಟದ ಜೊತೆ ಸುಳ್ಳನ್ನೂ ನಾನೇ ಕಲಿಸಿದ್ದೆ. ಹಾಲು ತರಲು ಹೋದವನು ಹೊಳೆ ದಾಟಿ ಉಗಾರಕ್ಕೆ ಬಂದು, ನನ್ನ ಡಬ್ಬಿ ಹುಡುಕಿ, ನನ್ನ ಸುಳ್ಳು ಹೇಳಿ, ನಾನು ಸ್ನಾನ ಮುಗಿಸುವುದರೊಳಗೆ ವಾಪಸಾಗಿದ್ದ! ಹೋಗಿ ಬರ್ರಿ ಅಣ್ಣಾರ ಎಂದು ಕಳಿಸಿಯೂ ಕೊಟ್ಟಿದ್ದ. ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಹಸೀನಾಬಿಗೆ ಪಾಪ ಅನ್ನಿಸಿರಬೇಕು. ಒಂದು ಬೊಗಸೆ ನೇರಳೆ ಸುವರ್ಣಾಳ ಸೆರಗಿಗೆ ಹಾಕಿ, “ಕಲ್ಲಬಾನಿ ಆ ದೊಡ್ಡ ಹುಣಸಿ ಹಿಂದ ಐತ್ರಿ. ಮುಂಜಾನಿ ಅವ್ರು ಅದನ್ನs ಕೇಳಿದ್ರು,” ಎಂದಳು.

“ಇನ್ನ ಯಾಕ ನೋಡೂದು? ಮನಿಗಿ ಹೋಗೂಣ ನಡಿ,” ಎಂದೆ.

“ಇಷ್ಟ ದೂರ ಬಂದೇವಿ, ನೋಡರೆ ನೋಡೂಣ್ರಿ,” ಎಂದು ಸುವರ್ಣಾ ಮುಂದೆ ನಡೆದಳು.

ಹುಣಸೆಯ ಹಿಂದೆ ಕಲ್ಲಬಾನಿ ಅರ್ಧ ಮಣ್ಣಲ್ಲಿ ಹೂತಿತ್ತು. ಒಂದು ತುದಿಯಲ್ಲಿ ಹುಣಸೆಯ ಬೇರು ಅದನ್ನು ಎತ್ತಿ ಹಿಡಿದಿತ್ತು. ಆ ಸಂದಿನಲ್ಲಿ ಒಣ ಎಲೆಗಳನ್ನು ಸರಿಸಿದಾಗ ಬೆರಳಿಗೆ ತಣ್ಣಗೆ ಸ್ಟೀಲು ತಾಗಿತು. ಅಂಗೈ ಅಗಲದ ಡಬ್ಬಿ. ನನಗೆ ಅದನ್ನು ತೆರೆಯುವ ಮನಸ್ಸೇ ಇರಲಿಲ್ಲ. ಸುವರ್ಣಾ ತೆಗೀರಿ ಎಂದಳು. ತೆರೆದು, ಮೇಲಿದ್ದ ಚೀಟಿಯ ಸುರುಳಿ ಬಿಡಿಸಿದೆ.

ಚೀಟಿ ಖಾಲಿ! ಒಂದು ಅಕ್ಷರವೂ ಇಲ್ಲ!

ಹಾಲು ಕುಡಿದಷ್ಟು ಸಂತೋಷವಾಯಿತು. ಅವನು ಬಂದಿದ್ದ, ಬಗ್ಗಿ ಬಗ್ಗಿ ಹುಡುಕಿದ್ದ, ಸಿಗದೆ ಹಾಲಿನ ಚೀಲ ಹಿಡಿದು ಮನೆಗೆ ಹೋಗಿದ್ದ! ಅಕ್ಕೋಳದ ಬದುವಿನ ಶೂರನಿಗೆ ಸರಕಾರರ ಕಲ್ಲಬಾನಿ ಒಲಿಯಲಿಲ್ಲ! ನಾನು ಮಂಡಿಯೂರಿ ಕೂತು, ಮೊದಲ ಸಾಲಿನಲ್ಲಿ, ಮದುವೆಯ ರಿಜಿಸ್ಟರಿನಲ್ಲೂ ಹಾಕದಷ್ಟು ದೊಡ್ಡದಾಗಿ ನನ್ನ ಹೆಸರು ಬರೆದೆ. “ನೋಡಿದ್ಯಾ? ತಿರುಗ್ಯಾಟ ಅಂತಿದ್ದಿ. ನೋಡು!” ಎಂದೆ. ಸುವರ್ಣಾ ಚೀಟಿಯನ್ನು ನೋಡುತ್ತಿರಲಿಲ್ಲ. ಡಬ್ಬಿಯ ತಳವನ್ನು ನೋಡುತ್ತಿದ್ದಳು.

ತಳದಲ್ಲಿ ಕಾಗದದ ಸಣ್ಣ ಪೊಟ್ಟಣ ಇತ್ತು. ಬಿಡಿಸಿದರೆ ಒಳಗೆ ಒಂದು ಅನಾರಸ. ಇರುವೆ ಇನ್ನೂ ಮುತ್ತಿರಲಿಲ್ಲ, ತುಪ್ಪ ಕಾಗದಕ್ಕೆ ಇಳಿದಿತ್ತು.

ನಮ್ಮ ಕಡೆ ಇನ್ನೊಬ್ಬರ ಡಬ್ಬಿಯನ್ನು ಖಾಲಿ ಮುಚ್ಚಿ ಕೊಡುವುದಿಲ್ಲ. ನೆರೆಮನೆಯವರು ಪಲ್ಯ ಕಳಿಸಿದ ಡಬ್ಬಿಯನ್ನು ತೊಳೆದು, ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಹುಟ್ಟಿದಾಗಿನಿಂದ ಕೈಗೆ ಹತ್ತಿದ ರೂಢಿ ಅದು. ಅಶೋಕ ತಾನು ಬಂದದ್ದು ಯಾರಿಗೂ ಗೊತ್ತಾಗಬಾರದೆಂದು ಹೆಸರು ಬರೆಯದೆ ಬಿಟ್ಟ. ಆದರೆ ತೆರೆದ ಡಬ್ಬಿಯಲ್ಲಿ ಬರೀ ಚೀಟಿ ನೋಡಿ ಅವನ ಕೈ ಸುಮ್ಮನಿರಲಿಲ್ಲ. ಜೇಬಿನಲ್ಲಿ ಅತ್ತೆ ಕೊಟ್ಟ ಅನಾರಸ ಇತ್ತು. ಒಂದನ್ನು ಇಟ್ಟು ಮುಚ್ಚಿದ್ದ.

“ಅವಂಗ ಸಿಕ್ಕಿತ್ತು,” ಎಂದೆ. “ಸಿಕ್ಕೂ ಬಿಟ್ಟ ಹೋಗ್ಯಾನ. ಯಾಕ?”

ಸುವರ್ಣಾ ಬಹಳ ಹೊತ್ತು ಸೆರಗಿನ ನೇರಳೆ ಹಣ್ಣುಗಳನ್ನು ಅತ್ತಿತ್ತ ಮಾಡಿದಳು. “ನಾನs ಹೇಳಿದ್ದೆ,” ಎಂದಳು ಕಡೆಗೆ. “ನಿನ್ನೆ ಅನಾರಸ ಕರಿಯೂ ಮುಂದ ಶೈಲಾಗ ಅಂದೆ, ಈ ಒಂದ ಡಬ್ಬಿ ನಮ್ಮವರಿಗಿ ಬಿಡಾಕ ಹೇಳ ನಿನ್ನ ಗಂಡಗ ಅಂತ. ನಿಮ್ಮ ಮೊಬೈಲ್ ನಾ ನೋಡಿದ್ದೆ. ಮೂರ ದಿನಾ ಆತು, ನಿಮಗ ಸರಿ ನಿದ್ದಿ ಇಲ್ಲ. ಡಬ್ಬಿ ಇದ್ದಲ್ಲೇ ಐತೋ, ಯಾರರೆ ಒಯ್ದಾರೋ ನೋಡಿ ಬರಾಕ ಬಂದಿರಬೇಕ ಅವ್ರು. ನೀವ ಖಾಲಿ ಕೈಲೆ ಹೋಗಬಾರದಂತ.”

ಸೋಲನ್ನು ನಾನು ಎಷ್ಟೋ ಸಲ ನುಂಗಿದ್ದೇನೆ. ಇದು ಗಂಟಲಲ್ಲಿ ಇಳಿಯಲಿಲ್ಲ. ನನ್ನ ಹೆಂಡತಿ ನನ್ನ ಪರವಾಗಿ ಅವನಲ್ಲಿ ಬೇಡಿದ್ದಳು, ಅವನು ಕೊಟ್ಟಿದ್ದ. ಕಾರು, ಎತ್ತರ, ನಗೆ, ಮಾವಿನ ಪೆಟ್ಟಿಗೆ, ಇವೆಲ್ಲ ಇದ್ದವನಿಗೆ ಒಳ್ಳೆಯ ಮನಸ್ಸೂ ಇರಬೇಕೇ? ದೇವರು ಹಂಚುವಾಗ ಅದನ್ನಾದರೂ ಈ ಕಡೆ ಹಾಕಬಾರದಿತ್ತೇ? ಸಿಟ್ಟಿನಲ್ಲಿ ಆ ಅನಾರಸವನ್ನು ಅಲ್ಲೇ ತಿಂದುಬಿಟ್ಟೆ. ಬಹಳ ಚೆನ್ನಾಗಿತ್ತು. ಅದೂ ಸಿಟ್ಟು ತರಿಸಿತು. ಸುವರ್ಣಾ ಡಬ್ಬಿಯಲ್ಲಿ ನಾಲ್ಕು ನೇರಳೆ ಹಣ್ಣು ಹಾಕಹೋದಳು. ಕೊಳೆಯುತ್ತವೆ ಎಂದು ತಡೆದು, ಜೇಬಿನಲ್ಲಿದ್ದ ಕನ್ನಡಕ ಒರೆಸುವ ಹೊಸ ಬಟ್ಟೆಯನ್ನು ಮಡಚಿ ಇಟ್ಟೆ. ಹೆಸರು ಬರೆದ ಚೀಟಿ ಮೇಲಿಟ್ಟು ಡಬ್ಬಿಯನ್ನು ಬೇರಿನ ಸಂದಿಗೆ ಸೇರಿಸಿದೆ.

ವಾಪಸು ರೈಲಿಗೆ ಹೊತ್ತಿತ್ತು. ಕುಡಚಿಯವರೆಗೆ ಟಂಟಂ ಆಟೋ, ಅಲ್ಲಿಂದ ಬಸ್ಸು ಹಿಡಿದೆವು. ಟಂಟಂನಲ್ಲಿದ್ದಾಗ ಮಳೆಯ ದೊಡ್ಡ ಹನಿಗಳು ಬಿದ್ದು, ಧೂಳಿನ ವಾಸನೆ ಎಬ್ಬಿಸಿ ನಿಂತುಹೋದವು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಅವನು ಎಸೆದ ಗೆಲುವನ್ನು ಹೆಕ್ಕಿಕೊಂಡಂತೆ. ನಿಜ ಹೇಳಿದರೆ ಅವನು ದೇವಮಾನವ. ಎರಡೂ ಕಡೆ ಅವನೇ ದೊಡ್ಡವನು. ಆದರೂ ಜೀವಮಾನವಿಡೀ ಅವನ ಉಪಕಾರ ಹೊತ್ತು ತಿರುಗುವುದಕ್ಕಿಂತ ಒಂದು ಊಟದ ಅವಮಾನ ಹಗುರ ಎನಿಸಿತು. ಹೇಳಿಬಿಡುವುದೆಂದು ನಿರ್ಧರಿಸಿದೆ. ದೊಡ್ಡ ಗುಣದಿಂದಲ್ಲ, ಅವನ ಋಣ ಬೇಡವೆಂದು.

ಅತ್ತೆಯ ಮನೆಯಲ್ಲಿ ಮಣೆ ಹಾಕಿ, ರಂಗೋಲಿ ಬರೆದು ಕಾಯುತ್ತಿದ್ದರು. ಇಬ್ಬರೂ ಅಳಿಯಂದಿರು ಅಕ್ಕಪಕ್ಕ ಕೂತೆವು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಅಶೋಕ ನನ್ನ ಮುಖ ನೋಡಿದ, ಹಿಗ್ಗಿದ, ಕೂಗಿಯೇಬಿಟ್ಟ: “ಅತ್ತಿ, ಇವತ್ತ ಅಣ್ಣಾರ ಡಬ್ಬಿ ಆಟದಾಗ ಗೆದ್ದ ಬಂದಾರ! ಉಗಾರದಾಗ ಹೊಸಾ ಡಬ್ಬಿ, ಮೊದಲ್ನೇ ಹೆಸರ ಅವರದು. ಹೌದಲ್ರಿ ಅಣ್ಣಾರ?”

“ಇಲ್ಲ,” ಎಂದೆ. “ಮೊದಲ ಸಿಕ್ಕದ್ದು ಅಶೋಕಗ. ಹಾಲ ತರಾಕ ಅಂತ ಹೋದಾಂವ ಅಲ್ಲಿಗಿ ಹೋಗಿದ್ದ. ನನಗಂತ ಬಿಟ್ಟ ಬಂದಾನ. ಹೆಸರ ನಂದ ಇದ್ರೂ ಗೆದ್ದಾಂವ ಇವನs.”

ನಾನು ತಲೆ ತಗ್ಗಿಸಿ ಅಶೋಕನ ಹೊಗಳಿಕೆ ಶುರುವಾಗುವುದನ್ನು ಕಾಯುತ್ತ ಹೋಳಿಗೆ ಮುರಿದೆ.

“ಏನ ಖರೇ ಮನಷ್ಯಾ ನೋಡವ್ವಾ!” ಎಂದರು ಅತ್ತೆ. ಕನ್ನಡಕದ ಹೊಸ ಗಾಜಿನ ಹಿಂದಿನ ಅವರ ಕಣ್ಣು ನನ್ನ ಮೇಲಿತ್ತು. “ಬಾಯಿ ಮುಚಗೊಂಡ ಕುಂತಿದ್ರ ಯಾರಿಗಿ ತಿಳೀತಿತ್ತು? ಗೆದ್ದದ್ದ ತಂದ ಇನ್ನೊಬ್ರ ತಾಟಿಗಿ ಹಾಕೂದಂದ್ರ ಸಣ್ಣ ಮಾತಲ್ಲ.” ತುಪ್ಪದ ಗಿಂಡಿ ಅಶೋಕನ ಎಲೆಯ ಮೇಲಿಂದ ಹಾದು ಬಂದು ನನ್ನ ಹೋಳಿಗೆಯ ಮೇಲೆ ಬಗ್ಗಿತು. ನಿಲ್ಲುವ ಲಕ್ಷಣವೇ ಇರಲಿಲ್ಲ. ಅನಾರಸದ ತಟ್ಟೆಯೂ ದೀಪವೂ ಮೊದಲು ನನ್ನ ಕೈಗೇ ಬಂದವು.

“ಮಾಮಾರ ಮನಸ್ಸ ದೊಡ್ಡದ್ರಿ,” ಎಂದಳು ಶೈಲಾ, ಬಾಗಿಲಲ್ಲಿ ನಿಂತು, ಕಣ್ಣು ಒದ್ದೆ ಮಾಡಿಕೊಂಡು. “ನಮ್ಮವರಿಗಿ ಇಂಥಾದ್ದ ತಿಳಿಯೂದಿಲ್ಲ. ಗೆದ್ರ ಊರತುಂಬ ಸಾರತಾರ.”

ಅಶೋಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ನಾನೂ... ಬಿಟ್ಟ ಬಂದಾಂವ ನಾನs ಅಲ್ಲೇನ?” ಎಂದ. ಬಡಿಸುವ ಗಡಿಬಿಡಿಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಪಕ್ಕದಲ್ಲಿದ್ದ ನನಗೆ ಕೇಳಿತು. ತಿರುಗಿ ನೋಡಿದೆ. ತುಟಿಯ ಮೇಲೆ ನಗೆ ಹಾಗೇ ಇತ್ತು. ಕಣ್ಣು ಮಾತ್ರ ನನ್ನ ಎಲೆಯಲ್ಲಿ ಹರಿಯುತ್ತಿದ್ದ ತುಪ್ಪವನ್ನು ಅಳೆಯುತ್ತಿತ್ತು.

ಸಂಜೆ ಅವನು ನಮ್ಮನ್ನು ರಾಯಬಾಗದ ಬಸ್ ನಿಲ್ದಾಣದವರೆಗೆ ಬಿಟ್ಟ. ಚಿಕ್ಕೋಡಿ ನಿಪ್ಪಾಣಿಯ ದಾರಿಯಲ್ಲೇ ಇದ್ದರೂ ಅಲ್ಲಿಯವರೆಗೆ ಬಿಡುತ್ತೇನೆ ಎನ್ನಲಿಲ್ಲ. ಚೀಲ ಇಳಿಸಿಕೊಟ್ಟು, ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಹೇಳಿದ: “ಅಣ್ಣಾರ, ಇನ್ನ ಮ್ಯಾಲೆ ಯಾವ ಡಬ್ಬೀನೂ ಯಾರಿಗೂ ಬಿಡಾಂವಲ್ಲ ನಾ. ಹೇಳೇನಿ.”

“ಬಿಡಬ್ಯಾಡ ತಮ್ಮಾ,” ಎಂದೆ. ಅವನನ್ನು ತಮ್ಮಾ ಎಂದು ಕರೆದದ್ದು ಅದೇ ಮೊದಲು. ಬಾಯಿಗೆ ತಾನಾಗಿ ಬಂತು.

ಬಸ್ಸು ತಿರುಗಿದಾಗ ಸುವರ್ಣಾ ಕಿಟಕಿಯಿಂದ ಹೊರಗೆ ನೋಡಿ ಮೆಲ್ಲಗೆ ಅಂದಳು: “ಅಶೋಕವ್ರ ಮಾರಿ ನೋಡಿದ್ರಿ? ಹೊಟ್ಟಿ ಉರಕೊಂಡಾರ.”

ನಾನೂ ಬಗ್ಗಿ ನೋಡಿದೆ. ಕಾರಿಗೆ ಒರಗಿ ನಿಂತಿದ್ದ, ಎತ್ತರದ ಆಳು ಸ್ವಲ್ಪ ಕುಗ್ಗಿದ್ದ. ಹುಬ್ಬು ಗಂಟು, ಕೆಳತುಟಿ ಮುಂದೆ. ಆ ಮುಖ ನನಗೆ ಬಹಳ ಪರಿಚಯದ್ದು. ವರ್ಷಗಟ್ಟಲೆ ನನ್ನ ಅಂಗಡಿಯ ಕನ್ನಡಿಯಲ್ಲಿ ನೋಡಿದ್ದೇನೆ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕಿಂತ ಹೆಚ್ಚು ಹಿತ ಅನ್ನಿಸಿತು. ಅವನು ಕಾಣುವವರೆಗೂ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದೆ.